ಶೇಕಡಾ 1590, ಅಂದರೆ ನೂರಕ್ಕೆ ಎರಡು

ಶೇಕಡಾ 1590.

ಬೆಚ್ಚಬೇಡಿ. ಇದು ಮೀಟರ್ ಬಡ್ಡಿಯಲ್ಲ. ರಾತ್ರೋರಾತ್ರಿ ಊರು ಬಿಟ್ಟ ಚೀಟಿಯವನ ಆಶ್ವಾಸನೆಯೂ ಅಲ್ಲ. ಭಾರತೀಯ ಸ್ಟೇಟ್ ಬ್ಯಾಂಕು 2024-25ನೇ ಸಾಲಿಗೆ ಷೇರುದಾರರಿಗೆ ಘೋಷಿಸಿದ ಲಾಭಾಂಶ. ಒಂದು ಷೇರಿಗೆ 15 ರೂಪಾಯಿ 90 ಪೈಸೆ. ಷೇರಿನ ಮುಖಬೆಲೆ ಒಂದು ರೂಪಾಯಿ. ಆದ್ದರಿಂದ ಶೇಕಡಾ 1590. ಲೆಕ್ಕದಲ್ಲಿ ಎಳ್ಳಷ್ಟೂ ತಪ್ಪಿಲ್ಲ. ಸರಿಯಾದ ಲೆಕ್ಕ ಹೇಳಿಯೇ ಜನರನ್ನು ಮಂಗ ಮಾಡಬಹುದಾದರೆ ಸುಳ್ಳು ಹೇಳುವ ಕಷ್ಟ ಯಾರಿಗೆ ಬೇಕು?

ಆ ದಿನಗಳಲ್ಲಿ ಷೇರಿನ ಪೇಟೆ ಬೆಲೆ ಎಂಟುನೂರರ ಆಸುಪಾಸು. ಎಂಟುನೂರು ಹಾಕಿದವನಿಗೆ ವರ್ಷಕ್ಕೆ ಹದಿನಾರು ಬಂತು. ನೂರಕ್ಕೆ ಎರಡು. ನಮ್ಮ ಹುಣಸೂರು ಸೀಮೆಯ ವೀರನಹೊಸಹಳ್ಳಿ ಕಡೆ ಕೈಸಾಲ ಕೊಡುವವನಿಗೆ ಈ ದರ ಹೇಳಿ ನೋಡಿ. 'ತಿಂಗಳಿಗೆ ತಾನೇ?' ಅಂತ ಖಾತ್ರಿ ಮಾಡಿಕೊಳ್ಳುತ್ತಾನೆ.

ಆದರೆ ಮೊಬೈಲ್ ಹಿಡಿದ ನಮ್ಮ ಹುಡುಗರಿಗೆ ಈ ನೂರಕ್ಕೆ ಎರಡು ಕಾಣುವುದಿಲ್ಲ. 'ಅಣ್ಣಾ, ಸಾವಿರದೈನೂರ ತೊಂಬತ್ತು ಪರ್ಸೆಂಟ್ ಕಣಣ್ಣಾ! ಗವರ್ಮೆಂಟ್ ಬ್ಯಾಂಕು!' ಎಷ್ಟರ ಮೇಲೆ ಪರ್ಸೆಂಟು ಅಂತ ಕೇಳಿದರೆ ಮುಖ ಸಪ್ಪಗೆ. ಈ ಪ್ರಶ್ನೆಯನ್ನು ಅವನಿಗೆ ಯಾವ ಮೇಷ್ಟ್ರೂ ಕೇಳಿಲ್ಲ. ಯಾವ ಚಾನೆಲ್ಲೂ ಕೇಳಿಲ್ಲ. ಮೇಷ್ಟ್ರಿಗೂ ಚಾನೆಲ್ಲಿಗೂ ಗೊತ್ತಿದೆ ಅಂತ ನೀವು ಅಂದುಕೊಂಡಿದ್ದರೆ ನಿಮ್ಮ ಮುಗ್ಧತೆಗೊಂದು ನಮಸ್ಕಾರ.

ಮುಖಬೆಲೆ ಅನ್ನುವುದು ಷೇರಿಗೆ ಹುಟ್ಟುವಾಗ ಇಟ್ಟ ಬೆಲೆ. ಇವತ್ತು ಆ ಬೆಲೆಗೆ ಯಾರೂ ಕೊಡುವುದಿಲ್ಲ. ನಿಮ್ಮ ತಾತ ಎಕರೆಗೆ ಇನ್ನೂರು ರೂಪಾಯಿ ಕೊಟ್ಟು ಹೊಲ ಕೊಂಡಿದ್ದ ಅಂತ ಇಟ್ಟುಕೊಳ್ಳಿ. ಈ ವರ್ಷ ಹೊಗೆಸೊಪ್ಪಿನಲ್ಲಿ ಗೊಬ್ಬರ, ಕೂಲಿ, ಬ್ಯಾರನ್ನಿನ ಸೌದೆ ಎಲ್ಲ ಕಳೆದು ಎಕರೆಗೆ ಐವತ್ತು ಸಾವಿರ ಉಳಿಯಿತು. ತಾತನ ಬೆಲೆಯ ಮೇಲೆ ಲೆಕ್ಕ ಹಾಕಿದರೆ ಶೇಕಡಾ 25,000! ಈ ಅಂಕಿ ಹೇಳಿ ಆ ಹೊಲವನ್ನು ಇವತ್ತಿನ ರೇಟಿಗೆ ಮಾರಲು ಹೊರಡಿ. ಪಿರಿಯಾಪಟ್ಟಣದ ಜಮೀನು ಬ್ರೋಕರೂ ನಕ್ಕುಬಿಡುತ್ತಾನೆ. ಬ್ರೋಕರ್ ನಗುವ ಲೆಕ್ಕವನ್ನು ಬ್ಯಾಂಕಿನ ಆಡಳಿತ ಮಂಡಳಿ ಗಂಭೀರವಾಗಿ ಅಂಗೀಕರಿಸಿ ಷೇರುಪೇಟೆಗೆ ಬರೆದು ಕಳಿಸುತ್ತದೆ.

ಬೇಕಾದದ್ದು ಇನ್ನೊಂದು ಲೆಕ್ಕ. ವರ್ಷದ ಲಾಭಾಂಶವನ್ನು ಇವತ್ತಿನ ಪೇಟೆ ಬೆಲೆಯಿಂದ ಭಾಗಿಸಿ, ನೂರರಿಂದ ಗುಣಿಸಿ. ಅದೇ ಲಾಭಾಂಶದ ಇಳುವರಿ. ಪೇಟೆಯವರು ಡಿವಿಡೆಂಡ್ ಯೀಲ್ಡ್ ಅನ್ನುತ್ತಾರೆ. ಐದನೇ ಕ್ಲಾಸಿನ ಗಣಿತ. ಅಷ್ಟನ್ನು ಮಾಡುವ ವ್ಯವಧಾನ ಯಾರಿಗೂ ಇಲ್ಲ.

ನಾನೇ ಮಾಡುತ್ತೇನೆ. 2025ರ ಮೇ ತಿಂಗಳ ಆಸುಪಾಸಿನ ಬೆಲೆ ಹಿಡಿಯೋಣ. ಸ್ಟೇಟ್ ಬ್ಯಾಂಕು ಕೊಟ್ಟಿದ್ದು ಶೇಕಡಾ 1590, ಇಳುವರಿ ಎರಡು. ಕೆನರಾ ಬ್ಯಾಂಕು ಶೇಕಡಾ 200. ಅಂದರೆ ಎರಡು ರೂಪಾಯಿ ಮುಖಬೆಲೆಗೆ ನಾಲ್ಕು ರೂಪಾಯಿ. ಷೇರು ನೂರರ ಹತ್ತಿರವಿತ್ತು, ಇಳುವರಿ ನಾಲ್ಕು. ಮಂಗಳೂರಿನ ಕರ್ಣಾಟಕ ಬ್ಯಾಂಕು ಬರೀ ಶೇಕಡಾ 50. ಹತ್ತರ ಮುಖಬೆಲೆಗೆ ಐದು ರೂಪಾಯಿ. ಷೇರು ಇನ್ನೂರರ ಹತ್ತಿರ, ಇಳುವರಿ ಎರಡೂವರೆ.

ಮತ್ತೊಮ್ಮೆ ಓದಿ. 1590ಕ್ಕೆ ಎರಡು. 200ಕ್ಕೆ ನಾಲ್ಕು. 50ಕ್ಕೆ ಎರಡೂವರೆ. ಮೂರರಲ್ಲಿ ಯಾವ ಘೋಷಣೆ ಎಲ್ಲಕ್ಕಿಂತ ದೊಡ್ಡದೋ ಅದರ ಹಿಂದಿನ ಕಾಸು ಎಲ್ಲಕ್ಕಿಂತ ಕಡಿಮೆ. ಆದರೂ ಪರದೆಯ ಮೇಲೆ ಕುಣಿಯುವುದು ದೊಡ್ಡ ಅಂಕಿಯೇ.

ಈ ಮಂಕುಬೂದಿ ನಮಗೆ ಇಷ್ಟು ಸಲೀಸಾಗಿ ಮೆತ್ತಿಕೊಂಡದ್ದು ಹೇಗೆ? ನನ್ನ ಅನುಮಾನ ಸೊಸೈಟಿಯ ಮೇಲೆ. 1905ರಲ್ಲಿ ಗದಗಿನ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಕೃಷಿ ಸಹಕಾರ ಸಂಘ ಕಟ್ಟಿದಾಗಿನಿಂದ ನಮ್ಮ ಹಳ್ಳಿಗಳಿಗೆ ಷೇರು ಅಂದರೆ ಸೊಸೈಟಿ ಷೇರು. ಅಲ್ಲಿ ನೂರು ರೂಪಾಯಿ ಷೇರಿಗೆ ಕೊಟ್ಟದ್ದು ನೂರು ರೂಪಾಯಿ. ವಾಪಸು ಬಂದರೂ ನೂರೇ. ಮಹಾಸಭೆಯಲ್ಲಿ ಕಾರ್ಯದರ್ಶಿ ಶೇಕಡಾ ಹತ್ತು ಅಂದರೆ ಹತ್ತು ರೂಪಾಯಿ. ಅಲ್ಲಿ ಶೇಕಡಾ ಅನ್ನುವುದಕ್ಕೆ ಮಾನ ಇತ್ತು. ಅದೇ ನಂಬಿಕೆ ಹೊತ್ತುಕೊಂಡು ನಮ್ಮವರು ಷೇರುಪೇಟೆಗೆ ಹೋದರು. ಅಲ್ಲಿನವರು ಅದೇ ಶೇಕಡಾ ತೋರಿಸಿದರು. ಕೆಳಗಿನ ಮೂಲ ಬೆಲೆ ಬದಲಾಗಿದೆ ಅಂತ ಹೇಳಲಿಲ್ಲ. ಕೇಳಿದವರಿಗೆ ಹೇಳುತ್ತಿದ್ದರೇನೋ. ನಾವು ಕೇಳಲಿಲ್ಲ.

ಸೊಸೈಟಿಯನ್ನು ಹೊಗಳುತ್ತಿದ್ದೇನೆ ಅಂತ ಯಾವ ಅಧ್ಯಕ್ಷರೂ ಹಿಗ್ಗಬೇಕಾಗಿಲ್ಲ. ಸಾಲ ಕೊಡುವಾಗಲೇ ಷೇರು ಹಣ ಅಂತ ಒಂದಿಷ್ಟು ಮುರಿದುಕೊಳ್ಳುತ್ತೀರಿ. ತಾನು ಷೇರುದಾರ ಅನ್ನುವುದೇ ಅರ್ಧ ಜನಕ್ಕೆ ಗೊತ್ತಿಲ್ಲ. ಗೊತ್ತಾಗುವುದು ಚುನಾವಣೆ ಬಂದಾಗ. ಆಗ ಮತಪಟ್ಟಿಯಲ್ಲಿ ಹೆಸರು ಇರುವುದಿಲ್ಲ.

ಸಿಟ್ಟು ಬರುವುದು ಯಾಕೆಂದರೆ, ಲೆಕ್ಕ ಬಾರದ ಜನ ಅಲ್ಲ ನಾವು. ಹುಣಸೂರು ಸೀಮೆಯ ಹೊಗೆಸೊಪ್ಪಿನ ರೈತ ಕಟ್ಟೆಮಳಲವಾಡಿ ಹರಾಜು ಮಾರುಕಟ್ಟೆಯಲ್ಲಿ ನಿಂತರೆ ಕಂಪನಿಯ ಖರೀದಿದಾರನಿಗೇ ಬೆವರು. ಯಾವ ಬೇಲು ಯಾವ ಗ್ರೇಡು, ನಿನ್ನೆ ಸರಾಸರಿ ಎಷ್ಟು, ಇವತ್ತು ಎಷ್ಟು ಇಳಿಯಿತು, ಕೆಜಿಗೆ ಒಂದು ರೂಪಾಯಿ ಕಡಿಮೆಯಾದರೂ ಗಲಾಟೆ, ಹರಾಜು ಬಂದ್. ಎಕರೆಗೆ ಎಷ್ಟು ಕೆಜಿ ಬಂತು, ಖರ್ಚು ಕಳೆದು ಎಷ್ಟು ಉಳಿಯಿತು, ಎಲ್ಲ ಬಾಯಲ್ಲೇ. ಅದೇ ಹರಾಜಿನ ದುಡ್ಡು ಖಾತೆಗೆ ಬಿದ್ದ ಮೇಲೆ ಮಗ ಯಾವುದೋ ಗುಂಪಿನಲ್ಲಿ ಬಂದ 'ಟಾಪ್ ಹತ್ತು ಡಿವಿಡೆಂಡ್ ಷೇರುಗಳು' ಪಟ್ಟಿ ತೋರಿಸುತ್ತಾನೆ. ಅಪ್ಪ ತಲೆಯಾಡಿಸುತ್ತಾನೆ. ಸೊಪ್ಪಿಗೆ ಕಣ್ಣು, ದುಡ್ಡಿಗೆ ಕುರುಡು.

ಪ್ರತಿವರ್ಷ ದಸರೆಗೆ ಗಜಪಯಣ ಹೊರಡುವುದು ನಮ್ಮ ವೀರನಹೊಸಹಳ್ಳಿಯಿಂದ. ಮಂತ್ರಿಗಳು ಬರುತ್ತಾರೆ, ಪೂಜೆಯಾಗುತ್ತದೆ, ಕ್ಯಾಮೆರಾಗಳು ನೂಕಾಡುತ್ತವೆ. ಮೈಸೂರು ಮುಟ್ಟಿದ ಮೇಲೆ ಆನೆಗಳನ್ನು ತೂಕದ ಸೇತುವೆಗೆ ಹತ್ತಿಸುತ್ತಾರೆ. ಅಭಿಮನ್ಯು ಇಷ್ಟು ಕೆಜಿ, ಪಕ್ಕದ್ದು ಇಷ್ಟು ಕೆಜಿ ಅಂತ ಮರುದಿನ ಪತ್ರಿಕೆಗಳಲ್ಲಿ ಅಚ್ಚಾಗುತ್ತದೆ. ಆನೆಯ ತೂಕವನ್ನು ಕೆಜಿ ಲೆಕ್ಕದಲ್ಲಿ ನಿಖರವಾಗಿ ಅಚ್ಚು ಹಾಕುವ ನಾಡಿನಲ್ಲಿ ಲಾಭಾಂಶದ ತೂಕ ನೋಡುವ ವರದಿಗಾರ ಇನ್ನೂ ಹುಟ್ಟಬೇಕಾಗಿದೆ.

ಕೆನರಾ ಬ್ಯಾಂಕಿನ ತಮಾಷೆ ಇನ್ನೊಂದು. 2023-24ಕ್ಕೆ ಅದು ಘೋಷಿಸಿದ್ದು ಷೇರಿಗೆ 16 ರೂಪಾಯಿ 10 ಪೈಸೆ. ಮುಂದಿನ ವರ್ಷ ನಾಲ್ಕು ರೂಪಾಯಿ. 'ಅಯ್ಯೋ, ಹದಿನಾರರಿಂದ ನಾಲ್ಕಕ್ಕೆ ಇಳಿಸಿಬಿಟ್ರು' ಅಂತ ಎದೆ ಬಡಿದುಕೊಂಡವರನ್ನು ಕಂಡಿದ್ದೇನೆ. ಮಧ್ಯೆ 2024ರ ಮೇ ತಿಂಗಳಲ್ಲಿ ಹತ್ತು ರೂಪಾಯಿಯ ಒಂದು ಷೇರು ಎರಡು ರೂಪಾಯಿಯ ಐದಾಗಿ ಒಡೆದಿತ್ತು. ಹಳೆಯ 16.10 ಅಂದರೆ ಹೊಸ ಲೆಕ್ಕದಲ್ಲಿ 3.22. ಅದು ನಾಲ್ಕಕ್ಕೆ ಏರಿದೆ. ಏರಿದ್ದಕ್ಕೆ ಅಳುವವರು ಒಂದು ಕಡೆ, 200 ಪರ್ಸೆಂಟ್ ಅಂತ ಕುಣಿಯುವವರು ಇನ್ನೊಂದು ಕಡೆ. ಇಬ್ಬರ ಕೈಯಲ್ಲೂ ಕ್ಯಾಲ್ಕುಲೇಟರ್ ಇರುವ ಫೋನಿದೆ.

ಆ ನಾಲ್ಕು ರೂಪಾಯಿಯಾದರೂ ಎಲ್ಲಿಂದ ಬಂತು? ಕೆನರಾ ಬ್ಯಾಂಕಿನ ಆ ವರ್ಷದ ನಿವ್ವಳ ಲಾಭ 17,027 ಕೋಟಿ. ಹಂಚಿದ್ದು ಸುಮಾರು 3,628 ಕೋಟಿ. ರೂಪಾಯಿಗೆ 21 ಪೈಸೆ. ಉಳಿದದ್ದು ಬ್ಯಾಂಕಿನಲ್ಲೇ. ಅದು ತಪ್ಪಲ್ಲ. ನಾಳೆ ಸಾಲ ಮುಳುಗಿದರೆ ತುಂಬುವುದು ಅದೇ. ಲಾಭದ ಎಷ್ಟು ಪಾಲು ಹಂಚಿದರು ಅನ್ನುವ ಈ ಲೆಕ್ಕ ಇಳುವರಿಯಷ್ಟೇ ಮುಖ್ಯ. ರೂಪಾಯಿಗೆ 21 ಪೈಸೆ ಹಂಚಿ ನಾಲ್ಕು ಪರ್ಸೆಂಟ್ ಕೊಡುವವನೂ, 90 ಪೈಸೆ ಹಂಚಿ ನಾಲ್ಕು ಪರ್ಸೆಂಟ್ ಕೊಡುವವನೂ ಪಟ್ಟಿಯಲ್ಲಿ ಅಕ್ಕಪಕ್ಕ ಕೂತಿರುತ್ತಾರೆ. ಎರಡನೆಯವನು ಬಿತ್ತನೆ ಬೀಜ ಬೇಯಿಸಿ ಬಡಿಸುತ್ತಿದ್ದಾನೆ. ಪಟ್ಟಿ ಮಾಡಿದವನು ಅದನ್ನು ಹೇಳುವುದಿಲ್ಲ. ಅವನಿಗೆ ಗೊತ್ತಿದ್ದರಲ್ಲವೇ ಹೇಳುವುದು.

ಆ 3,628 ಕೋಟಿಯಲ್ಲಿ ಕೇಂದ್ರ ಸರ್ಕಾರದ ಪಾಲು 2,283 ಕೋಟಿ. ಶೇಕಡಾ 62.93 ಷೇರು ಅದರದ್ದೇ. ದೆಹಲಿಯಲ್ಲಿ ಹಣಕಾಸು ಸಚಿವರಿಗೆ ಚೆಕ್ಕು ಕೊಡುವ ಫೋಟೋ. ಎಲ್ಲರ ಮುಖದಲ್ಲೂ ನಗೆ. 2017-18ರಲ್ಲಿ ಇದೇ ಬ್ಯಾಂಕು 4,222 ಕೋಟಿ ನಷ್ಟ ತೋರಿಸಿತ್ತಲ್ಲ, ಆಗ ಫೋಟೋ ಇರಲಿಲ್ಲ. 2017ರ ಅಕ್ಟೋಬರ್‌ನಲ್ಲಿ ಸರ್ಕಾರಿ ಬ್ಯಾಂಕುಗಳಿಗೆ ಬಂಡವಾಳ ತುಂಬಲು 2.11 ಲಕ್ಷ ಕೋಟಿಯ ಯೋಜನೆ ಪ್ರಕಟವಾಯಿತು. ಬಹುಪಾಲು ತುಂಬಿದ್ದು ತೆರಿಗೆದಾರನ ಬೊಕ್ಕಸದಿಂದ. ಆವಾಗ ನಾವು ಕೊಟ್ಟೆವು. ಅದಕ್ಕೆ ಹೆಸರು ಸುಧಾರಣೆ. ಈಗ ಅವರು ತೆಗೆದುಕೊಳ್ಳುತ್ತಾರೆ. ಇದಕ್ಕೆ ಹೆಸರು ಸಾಧನೆ. ನಮ್ಮ ದುಡ್ಡಿನ ಇಳುವರಿಯನ್ನು ಯಾವ ಪಟ್ಟಿಯಲ್ಲಿ ನೋಡಬೇಕು ಅಂತ ಕೇಳಿದರೆ ದೇಶದ್ರೋಹ ಆದೀತು. ಕೇಳುವುದಿಲ್ಲ.

'ನಮ್ಮ ಸೀಮೆಯ ಬ್ಯಾಂಕು' ಅಂತ ಎದೆಯುಬ್ಬಿಸುವವರು ಇನ್ನೂ ಇದ್ದಾರೆ. ಯಾವ ಬ್ಯಾಂಕು ಸ್ವಾಮಿ? ನಾಲ್ವಡಿಯವರ ಕಾಲದಲ್ಲಿ, 1913ರಲ್ಲಿ ಹುಟ್ಟಿದ ಮೈಸೂರು ಬ್ಯಾಂಕು 2017ರ ಏಪ್ರಿಲ್ 1ರಂದು ಸ್ಟೇಟ್ ಬ್ಯಾಂಕಿನ ಹೊಟ್ಟೆ ಸೇರಿತು. ಹತ್ತು ಷೇರಿಗೆ ಸ್ಟೇಟ್ ಬ್ಯಾಂಕಿನ ಇಪ್ಪತ್ತೆರಡು. ಬೆಂಗಳೂರಿನಲ್ಲಿ ಮೈಸೂರು ಬ್ಯಾಂಕ್ ಸರ್ಕಲ್ ಉಳಿದಿದೆ, ಬ್ಯಾಂಕ್ ಉಳಿದಿಲ್ಲ. 2019ರ ಏಪ್ರಿಲ್ 1ಕ್ಕೆ ವಿಜಯಾ ಬ್ಯಾಂಕು ಬರೋಡಾ ಪಾಲು. ಸಾವಿರ ಷೇರಿಗೆ 402. 2020ರ ಏಪ್ರಿಲ್ 1ಕ್ಕೆ ಕಾರ್ಪೊರೇಷನ್ ಬ್ಯಾಂಕು ಯೂನಿಯನ್ ಬ್ಯಾಂಕಿನ ಪಾಲು, ಸಾವಿರಕ್ಕೆ 330. ಅದೇ ದಿನ ಸಿಂಡಿಕೇಟ್ ಬ್ಯಾಂಕು ಕೆನರಾದೊಳಗೆ, ಸಾವಿರಕ್ಕೆ 158. ಪ್ರತಿ ಸಲವೂ ಏಪ್ರಿಲ್ ಒಂದು. ದಿನ ಆರಿಸಿದವರ ಹಾಸ್ಯಪ್ರಜ್ಞೆಯನ್ನು ಮೆಚ್ಚಬೇಕು.

ದಿನಕ್ಕೆ ಎರಡಾಣೆ ಪಿಗ್ಮಿ ಕಟ್ಟಿಸಿಕೊಂಡು ದೊಡ್ಡದಾದ ಸಿಂಡಿಕೇಟ್ ಬ್ಯಾಂಕಿನ ಸಾವಿರ ಷೇರು ಇಟ್ಟುಕೊಂಡಿದ್ದವರ ಲೆಕ್ಕ ನೋಡಿ. ಸಾವಿರ ಹೋಗಿ 158. ಅದು ಒಡೆದು 790. ಷೇರಿಗೆ ನಾಲ್ಕರಂತೆ 2024-25ರ ಲಾಭಾಂಶ 3,160 ರೂಪಾಯಿ. ಅದೂ ಏಪ್ರಿಲ್ 2020ರ ನಂತರ ಎರಡು ವರ್ಷ ಬಾಯಿ ಮುಚ್ಚಿಕೊಂಡು ಕಾದ ಮೇಲೆ.

ಮೊದಲ ವರ್ಷ ಕಾದದ್ದು ಯಾಕೆ? 2020ರ ಏಪ್ರಿಲ್ 17ರಂದು ರಿಸರ್ವ್ ಬ್ಯಾಂಕು ಒಂದು ಆದೇಶ ಹೊರಡಿಸಿತು. 2019-20ರ ಲಾಭದಿಂದ ಯಾವ ಬ್ಯಾಂಕೂ ಲಾಭಾಂಶ ಕೊಡಕೂಡದು. ಕೊರೊನಾ ಕಾಲ, ಕಾರಣ ಸರಿಯಾಗಿಯೇ ಇತ್ತು. ಆದರೆ 'ಬ್ಯಾಂಕ್ ಷೇರು ತಗೊಳ್ಳಿ ಸಾ, ಪೆನ್ಷನ್ ಇದ್ದಂಗೆ' ಅಂತ ನಿವೃತ್ತ ಮೇಷ್ಟ್ರುಗಳಿಗೆ ಗಂಟು ಕಟ್ಟಿದವರು ಆ ದಿನ ಫೋನ್ ಎತ್ತಲಿಲ್ಲ. ಪೆನ್ಷನ್ನನ್ನು ಒಂದು ಕಾಗದ ಹೀಗೆ ನಿಲ್ಲಿಸುವುದಿಲ್ಲ. ಲಾಭಾಂಶವನ್ನು ನಿಲ್ಲಿಸುತ್ತದೆ. ಬ್ಯಾಂಕಿನ ಷೇರಿನ ಇಳುವರಿಗೆ ಇಬ್ಬರು ಯಜಮಾನರು. ಆಡಳಿತ ಮಂಡಳಿ ಒಪ್ಪಿದರೂ ರಿಸರ್ವ್ ಬ್ಯಾಂಕು ಬೇಡ ಅನ್ನಬಹುದು. ಸಿಮೆಂಟ್ ಕಂಪನಿಗೆ ಈ ತಾಪತ್ರಯ ಇಲ್ಲ.

'ನಮ್ಮ ಬ್ಯಾಂಕು' ಅನ್ನುವವರು ಗ್ರಾಮೀಣ ಬ್ಯಾಂಕ್ ಕಥೆಯನ್ನೂ ಕೇಳಿ. ಮೈಸೂರಿನಲ್ಲಿ ಕೇಂದ್ರ ಕಚೇರಿ ಇದ್ದ ಕಾವೇರಿ ಗ್ರಾಮೀಣ ಬ್ಯಾಂಕು 2019ರಲ್ಲಿ ವಿಲೀನವಾಗಿ ಬಳ್ಳಾರಿಗೆ ಹೋಯಿತು. 2025ರ ಮೇ 1ರಿಂದ ಇಡೀ ರಾಜ್ಯಕ್ಕೆ ಒಂದೇ, ಕರ್ನಾಟಕ ಗ್ರಾಮೀಣ ಬ್ಯಾಂಕ್. ಷೇರು ಯಾರದ್ದು? ಕೇಂದ್ರಕ್ಕೆ 50, ಪ್ರಾಯೋಜಕ ಬ್ಯಾಂಕಿಗೆ 35, ರಾಜ್ಯಕ್ಕೆ 15. ಕೂಡಿ ನೂರು. ಗ್ರಾಮದವನಿಗೆ ಪಾಸ್‌ಬುಕ್.

ಇನ್ನು ಪೇಟೆಯ ಪಂಡಿತರು. ಇವರಲ್ಲಿ ಒಂದು ಜಾತಿಯವರಿಗೆ ಕೊಂಡ ಬೆಲೆಯ ಇಳುವರಿ ಅನ್ನುವ ಕಾಯಿಲೆ. 'ನಂಗೆ ಕೆನರಾದಲ್ಲಿ ವರ್ಷಕ್ಕೆ ಇಪ್ಪತ್ತು ಪರ್ಸೆಂಟ್ ಬರ್ತಿದೆ ಸಾ.' ಹೌದು, ಬರುತ್ತಿದೆ. 2020ರಲ್ಲಿ ಲೋಕವೇ ಮನೆಯೊಳಗೆ ಕೂತಿದ್ದಾಗ ಇನ್ನೂ ಒಡೆಯದಿದ್ದ ಹತ್ತು ರೂಪಾಯಿಯ ಷೇರು ನೂರಕ್ಕಿಂತ ಕೆಳಗೆ ಬಿದ್ದಿತ್ತು, ಆಗ ಕೊಂಡ ಪುಣ್ಯಾತ್ಮ. ಅವನ ಧೈರ್ಯಕ್ಕೆ ಶಹಬ್ಬಾಸ್. ಆದರೆ ಅವನು ಈ ಇಪ್ಪತ್ತನ್ನು ಹೇಳುವುದು ಇವತ್ತು ಕೊಳ್ಳಲು ಹೊರಟವನಿಗೆ. 2025ರ ಮೇ ತಿಂಗಳಲ್ಲಿ ಕೊಂಡವನಿಗೆ ಸಿಕ್ಕಿದ್ದು ನಾಲ್ಕೇ. ಮಧ್ಯದ ಹದಿನಾರು ಪರ್ಸೆಂಟು ಹೇಳಿದವನ ಜಂಬಕ್ಕೆ ಸೇರಿದ್ದು.

ಇನ್ನೊಂದು ಜಾತಿ ಇನ್ನೂ ಅಪಾಯ. ಇಳುವರಿ ಎಷ್ಟು ಜಾಸ್ತಿಯೋ ಅಷ್ಟು ಒಳ್ಳೆಯದು ಅನ್ನುವವರು. ಇಳುವರಿಯ ಭಿನ್ನರಾಶಿಯಲ್ಲಿ ಕೆಳಗಿರುವುದು ಬೆಲೆ. ಬೆಲೆ ಕುಸಿದರೂ ಇಳುವರಿ ಏರುತ್ತದೆ. ರೋಗಿಗೆ ಜ್ವರ ಏರಿದ್ದನ್ನು ಪ್ರಗತಿ ಅನ್ನುವ ಡಾಕ್ಟರು ಇವರು.

ಅಮೆರಿಕದ ಪ್ರಾದೇಶಿಕ ಬ್ಯಾಂಕುಗಳಲ್ಲಿ ಇದರ ಪಾಠ ಒಂದೇ ದಿನದಲ್ಲಿ ನಡೆಯಿತು. ನ್ಯೂಯಾರ್ಕ್ ಕಮ್ಯುನಿಟಿ ಬ್ಯಾಂಕಾರ್ಪ್ ಮೂರು ತಿಂಗಳಿಗೊಮ್ಮೆ 17 ಸೆಂಟ್ ಲಾಭಾಂಶ ಕೊಡುತ್ತಿತ್ತು. ಷೇರು ಹತ್ತು ಡಾಲರ್ ಚಿಲ್ಲರೆ. ಇಳುವರಿ ಆರೂವರೆ. ಕೊಂಡವರಿಗೆ ಖುಷಿ. 2024ರ ಜನವರಿ 31ರಂದು ಬ್ಯಾಂಕು ಲಾಭಾಂಶವನ್ನು 5 ಸೆಂಟಿಗೆ ಇಳಿಸಿತು. ಆ ಒಂದು ದಿನದಲ್ಲಿ ಷೇರು ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಬಿತ್ತು. ಹಳೆಯ 17 ಸೆಂಟಿನ ಮೇಲೇ ಲೆಕ್ಕ ಹಿಡಿದರೆ ಅವತ್ತು ಸಂಜೆ ಇಳುವರಿ ಹತ್ತು ದಾಟಿತ್ತು! ಹೊಸದರ ಮೇಲೆ ಹಿಡಿದರೆ ಬರೀ ಮೂರು. ಕಳೆದ ವರ್ಷದ ಲಾಭಾಂಶ ಮುಂದಿನ ವರ್ಷವೂ ಬರುತ್ತದೆ ಅಂತ ಯಾರೂ ಬರೆದುಕೊಟ್ಟಿರುವುದಿಲ್ಲ.

ಅಷ್ಟು ದೂರ ಯಾಕೆ? ಪಕ್ಕದ ರಾಜ್ಯದ ಕರೂರಿನ ಲಕ್ಷ್ಮೀ ವಿಲಾಸ ಬ್ಯಾಂಕು, 1926ರ ಬ್ಯಾಂಕು, 2020ರ ನವೆಂಬರ್‌ನಲ್ಲಿ ಡಿಬಿಎಸ್ ಪಾಲಾಯಿತು. ಠೇವಣಿದಾರರ ದುಡ್ಡು ಉಳಿಯಿತು. ಷೇರುದಾರರಿಗೆ ಸೊನ್ನೆ. ಸೊನ್ನೆಯ ಬೆಲೆಯಿಂದ ಯಾವ ಲಾಭಾಂಶವನ್ನು ಭಾಗಿಸುತ್ತೀರಿ? ಬೆಂಗಳೂರಿನ ಗುರು ರಾಘವೇಂದ್ರ ಸಹಕಾರ ಬ್ಯಾಂಕಿನಲ್ಲಿ ಹೆಚ್ಚು ಬಡ್ಡಿಯ ಆಸೆಗೆ ಠೇವಣಿ ಇಟ್ಟವರಿಗೆ 2020ರ ಜನವರಿಯಲ್ಲಿ ಗೊತ್ತಾಯಿತು, ಇನ್ನು ತೆಗೆಯಬಹುದಾದದ್ದು 35,000 ರೂಪಾಯಿ ಮಾತ್ರ ಅಂತ. ಹಳ್ಳಿ ಗಮಾರರಲ್ಲ ಅವರು. ಓದಿದವರು, ಪೆನ್ಷನ್ ಪಡೆಯುವವರು, ನಮಗೆ ಬುದ್ಧಿ ಹೇಳುವವರು.

ಮೂರನೆಯ ಜಾತಿ, ರೆಕಾರ್ಡ್ ಡೇಟ್ ಬೇಟೆಗಾರರು. ಹಿಂದಿನ ದಿನ ಕೊಂಡು, ಲಾಭಾಂಶ ಹೊಡೆದು, ಮರುದಿನ ಮಾರಿಬಿಡುವ ಜಾಣರು. ನಾಲ್ಕು ರೂಪಾಯಿ ಲಾಭಾಂಶದ ಹಕ್ಕು ಕಳಚಿಕೊಂಡ ಬೆಳಗ್ಗೆ ಷೇರು ಸರಿಸುಮಾರು ಅಷ್ಟೇ ಇಳಿದು ತೆರೆಯುತ್ತದೆ. ಎಡಗೈಯ ನಾಲ್ಕು ರೂಪಾಯಿ ಬಲಗೈಗೆ. ದಾಟುವಾಗ ಮಧ್ಯೆ ಆದಾಯ ತೆರಿಗೆ ಕೈಯೊಡ್ಡಿ ನಿಂತಿರುತ್ತದೆ. 2020ರ ಏಪ್ರಿಲ್‌ನಿಂದ ಲಾಭಾಂಶ ನಿಮ್ಮ ಆದಾಯಕ್ಕೆ ಸೇರುತ್ತದೆ, ನಿಮ್ಮ ಸ್ಲ್ಯಾಬಿನಂತೆ ತೆರಿಗೆ. ಮೂವತ್ತರ ಸ್ಲ್ಯಾಬಿನವನಿಗೆ ನಾಲ್ಕರ ಇಳುವರಿ ಕೈಗೆ ಬರುವ ಹೊತ್ತಿಗೆ ಮೂರಕ್ಕಿಂತ ಕಡಿಮೆ. ಒಂದು ಕಂಪನಿಯಿಂದ ವರ್ಷಕ್ಕೆ ಹತ್ತು ಸಾವಿರ ದಾಟಿದರೆ ಶೇಕಡಾ ಹತ್ತನ್ನು ಮೊದಲೇ ಮುರಿದುಕೊಂಡು ಉಳಿದದ್ದು ಕಳಿಸುತ್ತಾರೆ. ಪ್ಯಾನ್ ಕೊಡದಿದ್ದರೆ ಇಪ್ಪತ್ತು. ಯಾವ ಪಟ್ಟಿಯಲ್ಲೂ ತೆರಿಗೆ ಕಳೆದ ಇಳುವರಿಯ ಕಾಲಂ ಇಲ್ಲ. ಇದ್ದರೆ ಪಟ್ಟಿ ಯಾರು ಓದುತ್ತಾರೆ?

ಈ ಮೂವರಿಗೂ ಷೇರು ಎಲ್ಲಿದೆ ಅಂತಾದರೂ ಗೊತ್ತು. ಹಳೇ ಮೈಸೂರಿನ ಮನೆಗಳ ಟ್ರಂಕಿನಲ್ಲಿ ಮಲಗಿರುವ ಷೇರುಗಳ ಕಥೆ ಬೇರೆ. ತಾತ ಕೊಂಡ ಬ್ಯಾಂಕ್ ಷೇರಿನ ಕಾಗದ, ಮೇಲೆ ಗಂಡಭೇರುಂಡವೋ ಮತ್ತೊಂದೋ, ಮೂಲೆಯಲ್ಲಿ ಗೆದ್ದಲು. ತಾತ ತೀರಿಕೊಂಡ. ಲಾಭಾಂಶದ ವಾರಂಟು ಹಳೆಯ ವಿಳಾಸಕ್ಕೆ ಬಂದು ವಾಪಸಾಯಿತು. ಏಳು ವರ್ಷ ಯಾರೂ ಕೇಳದಿದ್ದರೆ ಆ ಹಣ ಸರ್ಕಾರದ ಒಂದು ನಿಧಿಗೆ ಹೋಗುತ್ತದೆ. ಕಂಪನಿ ಕಾಯ್ದೆಯ ಪ್ರಕಾರ ಸತತ ಏಳು ವರ್ಷ ಲಾಭಾಂಶ ಕೇಳದ ಷೇರೂ ಅದರ ಹಿಂದೆಯೇ ಹೋಗುತ್ತದೆ. ನಿಧಿಯ ಹೆಸರು ಹೂಡಿಕೆದಾರರ ಶಿಕ್ಷಣ ಮತ್ತು ರಕ್ಷಣಾ ನಿಧಿ. ಮೊದಲು ರಕ್ಷಣೆಗೆ ಅಂತ ನಿಮ್ಮ ಷೇರು ಎತ್ತಿಕೊಳ್ಳುತ್ತಾರೆ. ಶಿಕ್ಷಣ ಶುರುವಾಗುವುದು ನೀವು ಅದನ್ನು ವಾಪಸು ಕೇಳಿದಾಗ.

ಅರ್ಜಿ ತುಂಬಬೇಕು. ವಾರಸುದಾರಿಕೆ ಪತ್ರ ಬೇಕು. ವಂಶವೃಕ್ಷ ಬೇಕು. ಪ್ಯಾನ್, ಆಧಾರ್, ರದ್ದು ಮಾಡಿದ ಚೆಕ್ಕು. ಎಲ್ಲ ಕೊಟ್ಟ ಮೇಲೆ ಒಂದು ತಕರಾರು. ಷೇರಿನ ಕಾಗದದಲ್ಲಿ ತಾತನ ಹೆಸರಿನ ಮುಂದೆ ಎರಡು ಇನಿಷಿಯಲ್, ಮರಣ ಪತ್ರದಲ್ಲಿ ಒಂದು, ಪಹಣಿಯಲ್ಲಿ ಹೆಸರಿನ ಹಿಂದೆ ಗೌಡ. ಮೂವರೂ ಒಬ್ಬರೇ ಅಂತ ಸಾಬೀತು ಮಾಡಿ. ಬದುಕಿದ್ದಾಗ ಒಬ್ಬರೇ ಇದ್ದ ತಾತನನ್ನು ಸತ್ತ ಮೇಲೆ ಸರ್ಕಾರ ಮೂವರನ್ನಾಗಿ ಮಾಡಿದೆ. ಪುನಃ ಒಬ್ಬರನ್ನಾಗಿ ಮಾಡಲು ಹುಣಸೂರು ತಾಲೂಕು ಕಚೇರಿ ಮುಂದೆ ಛಾಪಾ ಕಾಗದ, ಟೈಪಿಂಗು, ನೋಟರಿ.

ಈ ಖರ್ಚು ಏಳು ವರ್ಷದ ಲಾಭಾಂಶಕ್ಕಿಂತ ಹೆಚ್ಚಾದರೂ ಆಶ್ಚರ್ಯ ಬೇಡ. ಇಡೀ ವ್ಯವಹಾರದಲ್ಲಿ ಮುಖಬೆಲೆ, ಪೇಟೆ ಬೆಲೆ, ಕೊಂಡ ಬೆಲೆ ಅಂತ ಗೊಂದಲ ಮಾಡಿಕೊಳ್ಳದವನು ನೋಟರಿ ಒಬ್ಬನೇ. ಕಾಸು ಎಣಿಸಿಕೊಂಡ ಮೇಲೇ ಸೀಲು ಹೊಡೆಯುತ್ತಾನೆ.